ಒಂದೇ ಕಾರು, ಒಂದೇ ಬೀದಿ, ಬೇರೆ ಬೇರೆ ಮೈಲೇಜ್: ಪೆಟ್ರೋಲ್ ಹೋಗ್ತಿರೋದು ಎಲ್ಲಿಗೆ?

ಜಯನಗರದ ಒಂದೇ ಬೀದಿಯಲ್ಲಿ ಇಬ್ಬರ ಹತ್ತಿರ ಒಂದೇ ಕಾರು ಇದೆ ಅಂದುಕೊಳ್ಳಿ. ಅದೇ ಕಂಪನಿ, ಅದೇ ಮಾಡೆಲ್, ಕೊಂಡಿದ್ದೂ ಒಂದೇ ವರ್ಷ. ಒಬ್ಬರು ಬೆಳಿಗ್ಗೆ 9 ಗಂಟೆಗೆ ಹೊರಟು ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುತ್ತಾರೆ. ಇನ್ನೊಬ್ಬರದ್ದು ಬೆಳಗಿನ ಪಾಳಿ. ಆರೂವರೆಗೇ ಕನಕಪುರ ರಸ್ತೆ ಹಿಡಿದು ನೈಸ್ ರಸ್ತೆಗೆ ಸೇರಿಕೊಳ್ಳುತ್ತಾರೆ. ಮೊದಲನೆಯವರಿಗೆ ಲೀಟರಿಗೆ 12 ಕಿ.ಮೀ. ಸಿಗುತ್ತೆ, ಎರಡನೆಯವರಿಗೆ 20.

ಇಬ್ಬರೂ ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ ಒಬ್ಬರಿಗೆ 1,000 ಲೀಟರ್ ಬೇಕು, ಇನ್ನೊಬ್ಬರಿಗೆ 600. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿದರೂ ವ್ಯತ್ಯಾಸ 41,200 ರೂಪಾಯಿ. ಇದರ ಬಗ್ಗೆ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ನಿಮ್ಮ ಡ್ರೈವಿಂಗ್ ಸರಿ ಇಲ್ಲ." ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಉಳಿದ ಕಾರಣಗಳು ರಸ್ತೆಯಲ್ಲಿವೆ, ಬಂಕಿನಲ್ಲಿವೆ, ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿವೆ, ತೆರಿಗೆಯ ಪಟ್ಟಿಯಲ್ಲೂ ಇವೆ. ಒಂದೊಂದಾಗಿ ನೋಡೋಣ.

ಬಿಡದಿಯಲ್ಲಿ ತಯಾರಾಗುವ ಉದಾಹರಣೆ

ಮೊದಲು ಕಾಗದದ ಮೇಲಿನ ವ್ಯತ್ಯಾಸ. ಇದಕ್ಕೆ ನಮ್ಮ ಪಕ್ಕದಲ್ಲೇ ಒಳ್ಳೆಯ ಉದಾಹರಣೆ ಇದೆ. ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾದ ಅರ್ಬನ್ ಕ್ರೂಸರ್ ಹೈರೈಡರ್ 2022ರಲ್ಲಿ ಬಂದವು. ಬ್ಯಾಡ್ಜ್ ಬೇರೆ, ಮುಖ ಸ್ವಲ್ಪ ಬೇರೆ, ಒಳಗಿನ ಕಾರು ಒಂದೇ. ಎರಡೂ ತಯಾರಾದದ್ದು ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ.

ಬಿಡುಗಡೆಯ ಹೊತ್ತಿಗೆ ಈ ಒಂದೇ ಕಾರಿಗೆ ಕೊಟ್ಟ ಅಧಿಕೃತ ಮೈಲೇಜ್ ನೋಡಿ. ಆಲ್ ವೀಲ್ ಡ್ರೈವ್ ಇರುವ ಮ್ಯಾನ್ಯುವಲ್‌ಗೆ ಲೀಟರಿಗೆ 19.38 ಕಿ.ಮೀ. ಆಟೊಮ್ಯಾಟಿಕ್‌ಗೆ 20.58. ಸಾದಾ ಮ್ಯಾನ್ಯುವಲ್‌ಗೆ 21.11. ಸ್ಟ್ರಾಂಗ್ ಹೈಬ್ರಿಡ್‌ಗೆ 27.97. ಎಲ್ಲದರ ಎಂಜಿನ್ನೂ ಸುಮಾರು 1.5 ಲೀಟರಿನದ್ದೇ. ಎಲ್ಲವೂ ಪೆಟ್ರೋಲ್.

ಆಲ್ ವೀಲ್ ಡ್ರೈವ್ ಅಂದರೆ ಹಿಂದಿನ ಚಕ್ರಗಳಿಗೂ ಶಕ್ತಿ ಕಳಿಸಬೇಕು. ಅದಕ್ಕೆ ಹೆಚ್ಚುವರಿ ಶಾಫ್ಟ್, ಹೆಚ್ಚುವರಿ ಗೇರು, ಹೆಚ್ಚುವರಿ ತೂಕ. ತಿರುಗುವ ಪ್ರತಿ ಭಾಗವೂ ಘರ್ಷಣೆಯಲ್ಲಿ ಒಂದಿಷ್ಟು ಶಕ್ತಿ ತಿನ್ನುತ್ತೆ. ಆಟೊಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇದೆ. ಅಲ್ಲೂ ಸೋರಿಕೆ.

ಹೈಬ್ರಿಡ್ ಸುಮಾರು ನೂರು ಕಿಲೋ ಹೆಚ್ಚು ಭಾರ ಇದ್ದರೂ ಗೆಲ್ಲುತ್ತದೆ. ಕಾರಣ ಎರಡು. ಒಂದು, ನಿಧಾನವಾಗಿ ಹೋಗುವಾಗ ಮತ್ತು ನಿಂತಾಗ ಎಂಜಿನ್ ಆಫ್ ಆಗಿ ಮೋಟಾರ್ ಕೆಲಸ ಮಾಡುತ್ತೆ. ಎರಡು, ಬ್ರೇಕ್ ಹಾಕಿದಾಗ ಬಿಸಿಯಾಗಿ ಹೋಗಬೇಕಾದ ಶಕ್ತಿಯ ಒಂದು ಭಾಗವನ್ನು ಮೋಟಾರ್ ಹಿಡಿದು ಬ್ಯಾಟರಿಗೆ ತುಂಬುತ್ತೆ. ಸಾದಾ ಕಾರಿನಲ್ಲಿ ಆ ಶಕ್ತಿ ಬ್ರೇಕ್ ಪ್ಯಾಡಿನಲ್ಲೇ ಸುಟ್ಟು ಹೋಗುತ್ತೆ.

ಹಾಗಾಗಿ "ಎರಡೂ ಒಂದೇ ಥರದ ಕಾರು" ಅನ್ನುವಾಗ ನಾವು ನೋಡುತ್ತಿರುವುದು ಹೊರಗಿನ ತಗಡು. ಮೈಲೇಜ್ ತೀರ್ಮಾನ ಆಗುವುದು ಒಳಗೆ: ತೂಕ, ಗೇರ್‌ಬಾಕ್ಸ್, ಟೈರಿನ ಅಗಲ, ಎಂಜಿನ್ ಟ್ಯೂನಿಂಗ್. ಟಾಪ್ ಮಾಡೆಲ್‌ಗೆ ಬರುವ ದೊಡ್ಡ ಚಕ್ರ, ಸನ್‌ರೂಫ್ ಎಲ್ಲವೂ ತೂಕವೇ.

ಒಂದು ಸಲ ಬ್ರೇಕ್ ಹಾಕಿದರೆ ಒಂದು ರೂಪಾಯಿ

ಈಗ ರಸ್ತೆಗೆ ಬರೋಣ. ಮಂದಿ ಸೇರಿ 1,200 ಕಿಲೋ ತೂಗುವ ಕಾರು ನಿಂತಲ್ಲಿಂದ ಗಂಟೆಗೆ 40 ಕಿ.ಮೀ. ವೇಗಕ್ಕೆ ಬರಬೇಕಾದರೆ ಸುಮಾರು 74 ಕಿಲೋಜೂಲ್ ಶಕ್ತಿ ಬೇಕು. ಇದು ಹೈಸ್ಕೂಲ್ ಭೌತಶಾಸ್ತ್ರ: ಅರ್ಧ ಗುಣಿಸು ದ್ರವ್ಯರಾಶಿ ಗುಣಿಸು ವೇಗದ ವರ್ಗ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೂಲ್ ಇರುತ್ತೆ. ಆದರೆ ಊರೊಳಗಿನ ಓಡಾಟದಲ್ಲಿ ಅದರಲ್ಲಿ ಐದನೇ ಒಂದು ಭಾಗ ಚಕ್ರಕ್ಕೆ ತಲುಪಿದರೆ ದೊಡ್ಡದು. ಉಳಿದದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಬಿಸಿಯಾಗಿ ಹೊರಗೆ.

ಲೆಕ್ಕ ಹಾಕಿದರೆ ಪ್ರತಿ ಸಲ ನಿಲ್ಲಿಸಿ ಮತ್ತೆ 40ಕ್ಕೆ ಏರಿಸಲು ಹತ್ತಿರ ಹತ್ತಿರ 12 ಮಿಲಿ ಲೀಟರ್ ಪೆಟ್ರೋಲ್. ಅಂದರೆ ಒಂದು ರೂಪಾಯಿಗಿಂತ ಸ್ವಲ್ಪ ಹೆಚ್ಚು. ಸಿಗ್ನಲ್, ಹಂಪ್, ಗುಂಡಿ, ಅಡ್ಡ ಬಂದ ಆಟೊ, ಯಾವುದಕ್ಕೆ ಬ್ರೇಕ್ ಹಾಕಿದರೂ ದರ ಇಷ್ಟೇ. 1,600 ಕಿಲೋ ತೂಗುವ ಎಸ್‌ಯುವಿ ಆದರೆ ಮೂರನೇ ಒಂದರಷ್ಟು ಹೆಚ್ಚು. ಮುಂದಿನ ಸಿಗ್ನಲ್ ಕೆಂಪು ಅಂತ ಕಾಣುತ್ತಿದ್ದರೂ 40ರ ಬದಲು 60ಕ್ಕೆ ಏರಿಸಿ ಬ್ರೇಕ್ ಒತ್ತಿದರೆ ಎರಡು ಪಟ್ಟಿಗೂ ಹೆಚ್ಚು, ಯಾಕಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ವೇಗದ ವರ್ಗ.

ಬನಶಂಕರಿ ದೇವಸ್ಥಾನದ ಸಿಗ್ನಲ್‌ನಿಂದ ಸಾರಕ್ಕಿ, ಜೆಪಿ ನಗರ, ಉಡುಪಿ ಗಾರ್ಡನ್ ಮೂಲಕ ಸಿಲ್ಕ್ ಬೋರ್ಡ್‌ವರೆಗೆ ಹೋಗುವವರು ಒಮ್ಮೆ ಎಣಿಸಿ ನೋಡಿ. 30 ಸಲ ನಿಂತು ಹೊರಟರೆ ಬರೀ ಹೊರಡುವುದಕ್ಕೇ 350 ಮಿಲಿ ಲೀಟರ್ ಹತ್ತಿರ ಖರ್ಚಾಗುತ್ತೆ. ಇದರ ಮೇಲೆ ನಿಂತಲ್ಲೇ ಉರಿಯುವ ಪೆಟ್ರೋಲ್. ಸಣ್ಣ ಕಾರಿನ ಎಂಜಿನ್ ನಿಂತಲ್ಲೇ ಚಾಲೂ ಇದ್ದರೆ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ಕುಡಿಯುತ್ತೆ, ಎಸಿ ಹಾಕಿದ್ದರೆ ಮೇಲಿನ ಲೆಕ್ಕ ಹಿಡಿಯಿರಿ. ಆ ಹೊತ್ತಿನ ಮೈಲೇಜ್ ಸೊನ್ನೆ.

ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಅಂದರೆ ಗಂಟೆಗೆ 17-18 ಕಿ.ಮೀ. ಇದು ಇಡೀ ದಿನದ ಸರಾಸರಿ. ಸಂಜೆ ಆರೂವರೆಗೆ ಬನ್ನೇರುಘಟ್ಟ ರಸ್ತೆಯಲ್ಲಿ ಸಿಕ್ಕಿಕೊಂಡವರಿಗೆ ಆ ಸರಾಸರಿಯೂ ಐಷಾರಾಮವೇ.

ಇದೇ ಜಾಗದಲ್ಲಿ ಹೈಬ್ರಿಡ್ ಮತ್ತು ಸಾದಾ ಕಾರಿನ ಅಂತರ ದೊಡ್ಡದಾಗುತ್ತೆ. ಖಾಲಿ ಹೆದ್ದಾರಿಯಲ್ಲಿ ಬ್ರೇಕ್ ಒತ್ತುವುದೇ ಕಡಿಮೆ, ಆದ್ದರಿಂದ ಹಿಡಿದಿಟ್ಟುಕೊಳ್ಳಲು ಶಕ್ತಿಯೂ ಕಡಿಮೆ. ಸಿಲ್ಕ್ ಬೋರ್ಡ್‌ನಲ್ಲಿ ಹಾಗಲ್ಲ.

ಪುಣೆಯ ಲ್ಯಾಬಿನಲ್ಲಿ ಸಿಲ್ಕ್ ಬೋರ್ಡ್ ಇಲ್ಲ

ಶೋರೂಮಿನಲ್ಲಿ ಹೇಳುವ ಸಂಖ್ಯೆ ಬರುವುದು ಪುಣೆಯ ಎಆರ್‌ಎಐ ಥರದ ಪರೀಕ್ಷಾ ಸಂಸ್ಥೆಯಿಂದ. 1966ರಲ್ಲಿ ಶುರುವಾದ ಸಂಸ್ಥೆ ಇದು. ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ನಿಗದಿ ಮಾಡಿದ ವೇಗದ ನಕ್ಷೆಯಂತೆ ಓಡಿಸುತ್ತಾರೆ. ಕಾರು ಇದ್ದಲ್ಲೇ ಇರುತ್ತೆ, ಚಕ್ರ ಮಾತ್ರ ತಿರುಗುತ್ತೆ. ಈ ನಕ್ಷೆಯ ಹೆಸರು ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್.

ಪರೀಕ್ಷೆ ಇಪ್ಪತ್ತು ನಿಮಿಷಕ್ಕೂ ಕಡಿಮೆ, ದೂರ 10-11 ಕಿ.ಮೀ. ಊರಿನ ಭಾಗದಲ್ಲಿ ಗರಿಷ್ಠ ವೇಗ 50, ಹೆದ್ದಾರಿ ಭಾಗದಲ್ಲಿ 90. ಇಡೀ ಪರೀಕ್ಷೆಯಲ್ಲಿ ಕಾರು ನಿಂತಲ್ಲಿಂದ ಹೊರಡುವುದು 13 ಸಲ. ಸೊನ್ನೆಯಿಂದ 50ಕ್ಕೆ ಏರಲು 26 ಸೆಕೆಂಡು ಕೊಡುತ್ತಾರೆ. ಬೆಂಗಳೂರಿನಲ್ಲಿ ಹಸಿರು ದೀಪ ಬಿದ್ದ ಮೇಲೆ ನೀವು ಅಷ್ಟು ನಿಧಾನ ಹೊರಟರೆ ಹಿಂದಿನವರ ಹಾರ್ನ್ ಎಷ್ಟು ಜೋರಾಗಿ ಕೇಳಿಸುತ್ತೆ ಅಂತ ಊಹಿಸಿ. ಎಸಿ ಆಫ್. ಗುಂಡಿ ಇಲ್ಲ, ಏರು ಇಲ್ಲ, ಎದುರುಗಾಳಿ ಇಲ್ಲ.

ಇದನ್ನು ಮೋಸ ಅನ್ನಲಾಗದು. ಎಲ್ಲ ಕಾರುಗಳನ್ನೂ ಒಂದೇ ಅಳತೆಗೋಲಿನಲ್ಲಿ ಹೋಲಿಸಬೇಕಾದರೆ ಇಂಥ ಪರೀಕ್ಷೆ ಬೇಕು. ತೊಂದರೆ ಇರುವುದು ಅಳತೆಗೋಲಿನ ವಯಸ್ಸಿನಲ್ಲಿ. ಇದರ ಮೂಲ ಯುರೋಪಿನ ಹಳೆಯ ಪರೀಕ್ಷೆ. ವಾಸ್ತವಕ್ಕೆ ದೂರ ಎಂದು ಯುರೋಪ್ ಅದನ್ನು 2017-18ರಲ್ಲಿ ಬಿಟ್ಟು, ಡಬ್ಲ್ಯುಎಲ್‌ಟಿಪಿ ಎಂಬ ಹೆಚ್ಚು ಕಠಿಣ ಪರೀಕ್ಷೆಗೆ ಹೋಯಿತು. ಅಲ್ಲಿಗೂ ನಿಲ್ಲಲಿಲ್ಲ. 2021ರಿಂದ ಹೊಸ ಕಾರುಗಳಲ್ಲಿ ನಿಜವಾಗಿ ಎಷ್ಟು ಇಂಧನ ಖರ್ಚಾಯಿತು ಎಂದು ದಾಖಲಿಸುವ ವ್ಯವಸ್ಥೆ ಕಡ್ಡಾಯ ಮಾಡಿತು. ಆ ದಾಖಲೆಗಳನ್ನು ಒಟ್ಟುಗೂಡಿಸಿ 2024ರಲ್ಲಿ ಯುರೋಪಿಯನ್ ಕಮಿಷನ್ ವರದಿ ಕೊಟ್ಟಿತು: ಹೊಸ ಪರೀಕ್ಷೆಯ ಅಂಕಿಗಿಂತಲೂ ಪೆಟ್ರೋಲ್, ಡೀಸೆಲ್ ಕಾರುಗಳು ರಸ್ತೆಯಲ್ಲಿ ಸುಮಾರು ಐದನೇ ಒಂದು ಭಾಗ ಹೆಚ್ಚು ಇಂಧನ ಕುಡಿಯುತ್ತಿವೆ. ಅಮೆರಿಕದಲ್ಲಿ 2008ರ ಮಾಡೆಲ್‌ನಿಂದಲೇ ಎಸಿ, ಚಳಿ, ಜೋರು ಓಟ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಾರಿನ ಗಾಜಿಗೆ ಚೀಟಿ ಅಂಟಿಸುತ್ತಾರೆ.

ನಮ್ಮಲ್ಲಿ ಒಂದು ವಿಚಿತ್ರ ಇದೆ. ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ 2015ರಲ್ಲಿ ಹೊರಬಂತು. ಲ್ಯಾಬಿನಲ್ಲಿ ಶುದ್ಧ, ರಸ್ತೆಯಲ್ಲಿ ಹೊಗೆ ಎಂಬ ಆ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ 500 ಕೋಟಿ ರೂ. ದಂಡ ಹಾಕಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಈಗ, 2023ರ ಏಪ್ರಿಲ್‌ನಿಂದ, ಬಿಎಸ್-6 ಎರಡನೇ ಹಂತದಲ್ಲಿ ಕಾರಿನ ವಿಷಕಾರಿ ಹೊಗೆಯನ್ನು ನಿಜವಾದ ರಸ್ತೆಯಲ್ಲೂ ಅಳೆಯಬೇಕು. ಅಂದರೆ ರಸ್ತೆಯಲ್ಲಿ ಅಳೆಯುವ ಉಪಕರಣ ಇದೆ, ಅನುಭವ ಇದೆ. ಆದರೆ ನಿಮಗೆ ಹೇಳುವ ಮೈಲೇಜ್ ಮಾತ್ರ ಲ್ಯಾಬಿನ ರೋಲರ್ ಮೇಲಿನದ್ದು.

ಬಂಕಿನಲ್ಲಿ ಬದಲಾದ ಪೆಟ್ರೋಲ್

2019ರ ಕಾರಿಗೂ 2024ರ ಅದೇ ಮಾಡೆಲ್ ಕಾರಿಗೂ ಮೈಲೇಜ್ ಬೇರೆ ಬರಲು ಇನ್ನೊಂದು ಕಾರಣ ಟ್ಯಾಂಕಿನೊಳಗಿದೆ. ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ ಮೋದಿ ಉದ್ಘಾಟಿಸಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. 2025ರ ಹೊತ್ತಿಗೆ ಅದೇ ಎಲ್ಲ ಕಡೆಯ ಸಾಮಾನ್ಯ ಪೆಟ್ರೋಲ್ ಆಯಿತು.

ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಭಾಗ. ಹಾಗಾಗಿ ಇ20ಯ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6-7ರಷ್ಟು ಶಕ್ತಿ ಕಡಿಮೆ. ಎಥನಾಲಿಗೆ ಆಕ್ಟೇನ್ ಹೆಚ್ಚು. ಅದಕ್ಕೆ ತಕ್ಕಂತೆ ಟ್ಯೂನ್ ಮಾಡಿದ ಎಂಜಿನ್ ಈ ನಷ್ಟದ ಒಂದಿಷ್ಟನ್ನು ತುಂಬಿಕೊಳ್ಳುತ್ತೆ. ಹಳೆಯ ಎಂಜಿನ್ನಿಗೆ ಅದು ಆಗಲ್ಲ. ನೀತಿ ಆಯೋಗದ 2021ರ ವರದಿಯೇ ಇದನ್ನು ಹೇಳಿತ್ತು: ಶುದ್ಧ ಪೆಟ್ರೋಲಿಗೆ ವಿನ್ಯಾಸ ಮಾಡಿ ಇ10ಗೆ ಟ್ಯೂನ್ ಮಾಡಿದ ಕಾರುಗಳಲ್ಲಿ ಶೇ. 6-7 ನಷ್ಟ, ಅಂಥ ದ್ವಿಚಕ್ರ ವಾಹನಗಳಲ್ಲಿ ಶೇ. 3-4, ಇ10ಗೆ ವಿನ್ಯಾಸ ಮಾಡಿ ಇ20ಗೆ ಟ್ಯೂನ್ ಮಾಡಿದ ಕಾರುಗಳಲ್ಲಿ ಶೇ. 1-2.

ಯಾರಾದರೂ "ಇ20 ಬಂದ ಮೇಲೆ ಮೈಲೇಜ್ ಅರ್ಧ ಆಯ್ತು" ಅಂದರೆ ನಂಬಬೇಡಿ, ಶಕ್ತಿಯ ಲೆಕ್ಕ ಅಷ್ಟು ದೂರ ಹೋಗಲ್ಲ. "ಏನೂ ಆಗಿಲ್ಲ" ಅಂದರೂ ನಂಬಬೇಡಿ. ಕೇಳಬೇಕಾದ ಪ್ರಶ್ನೆ ಬೇರೆ. ಲೀಟರಿನಲ್ಲಿ ಶಕ್ತಿ ಕಡಿಮೆಯಾದಾಗ ಬೆಲೆ ಯಾಕೆ ಇಳಿಯಲಿಲ್ಲ? ಹಳೆಯ ಗಾಡಿಯವರಿಗೆ ಇ10 ಆಯ್ಕೆ ಯಾಕಿಲ್ಲ? ಇ20 ಜೊತೆಗೆ ಎಥನಾಲ್ ಇಲ್ಲದ ಪೆಟ್ರೋಲ್ ಕೂಡ ಸಿಗಬೇಕು ಎಂದು ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಸರ್ಕಾರ ಹೇಳುವ ಸಮರ್ಥನೆ: ಆಮದು ತಗ್ಗುತ್ತೆ, ಕಬ್ಬು ಬೆಳೆಗಾರರಿಗೆ ಹಣ ಹೋಗುತ್ತೆ. ಆಮದಿನ ಮಾತು ನಿಜವೇ. ಆದರೆ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂ. ಕೇಳಿ ದಿನಗಟ್ಟಲೆ ರಸ್ತೆಯಲ್ಲಿ ಕೂತಿದ್ದರು. ಕೊನೆಗೆ 3,300ಕ್ಕೆ ಒಪ್ಪಂದ ಆಯಿತು. ಬನಶಂಕರಿಯ ಬಂಕಿನಲ್ಲಿ ಪೂರ್ತಿ ದರ ಕೊಡುತ್ತಿರುವವರು ಮತ್ತು ಗುರ್ಲಾಪುರದಲ್ಲಿ ಪೂರ್ತಿ ದರ ಸಿಗದವರು, ಇಬ್ಬರಿಗೂ ಈ ಎಥನಾಲಿನ ಲೆಕ್ಕ ಕೇಳುವ ಹಕ್ಕಿದೆ.

ತೆರಿಗೆ ನೋಡುವುದು ಟೇಪು ಹಿಡಿದು

ಬಿಡದಿಯ ಕಾರಿಗೆ ವಾಪಸ್ ಬರೋಣ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ಪ್ರಕಾರ 4 ಮೀಟರ್ ಒಳಗಿನ ಉದ್ದ ಮತ್ತು 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಶೇ. 18. ಅದಕ್ಕಿಂತ ದೊಡ್ಡದಕ್ಕೆ ಶೇ. 40. ಎಲೆಕ್ಟ್ರಿಕ್‌ಗೆ ಶೇ. 5. ಗ್ರ್ಯಾಂಡ್ ವಿಟಾರಾ, ಹೈರೈಡರ್ ಎರಡೂ 4 ಮೀಟರ್ ದಾಟುತ್ತವೆ. ಹಾಗಾಗಿ 19.38 ಕೊಡುವ ಆವೃತ್ತಿಗೂ ಶೇ. 40, 27.97 ಕೊಡುವ ಆವೃತ್ತಿಗೂ ಶೇ. 40.

ಈ ಪಟ್ಟಿಯಲ್ಲಿ ಉದ್ದ ಇದೆ, ಸಿಸಿ ಇದೆ. ಮೈಲೇಜ್ ಎಲ್ಲೂ ಇಲ್ಲ.

ಕಂಪನಿಗಳ ಮೇಲೆ ಇರುವ ನಿಯಮ ಕೆಫೆ. ಒಂದು ಕಂಪನಿ ಒಂದು ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಮಿತಿಯೊಳಗಿರಬೇಕು. 2017-18ರಿಂದ ಕಿ.ಮೀ.ಗೆ 130 ಗ್ರಾಂ, 2022-23ರಿಂದ 113 ಗ್ರಾಂ. 113 ಗ್ರಾಂ ಅಂದರೆ ಪೆಟ್ರೋಲ್ ಲೆಕ್ಕದಲ್ಲಿ ಲೀಟರಿಗೆ ಹತ್ತಿರ ಹತ್ತಿರ 21 ಕಿ.ಮೀ. ಇದರಲ್ಲಿ ಎರಡು ಮಾತು ಗಮನಿಸಬೇಕು. ಒಂದು, ಈ ಗ್ರಾಂ ಲೆಕ್ಕವೂ ಅದೇ ಲ್ಯಾಬಿನ ಪರೀಕ್ಷೆಯದ್ದು. ಎರಡು, ಗುರಿ ಕಾರಿನ ತೂಕಕ್ಕೆ ಹೊಂದಿಕೊಂಡಿದೆ. ಭಾರದ ಕಾರು ಮಾರುವ ಕಂಪನಿಗೆ ಸಡಿಲ ಗುರಿ. 2027ರ ಮೂರನೇ ಹಂತಕ್ಕೆ ನಿಯಮ ಬರೆಯುವಾಗ ಸಣ್ಣ ಕಾರುಗಳಿಗೆ ರಿಯಾಯಿತಿ ಕೊಡಬೇಕೋ ಬೇಡವೋ ಅಂತ ಕಂಪನಿಗಳ ನಡುವೆಯೇ ಜೋರು ಜಗಳ ನಡೆದದ್ದು ಇದೇ ಕಾರಣಕ್ಕೆ. ಆ ಜಗಳದಲ್ಲಿ ಕಾರು ಕೊಂಡವರ ದನಿ ಕೇಳಿಸಲಿಲ್ಲ.

ನಿಮ್ಮ ಕೈಯಲ್ಲಿರುವುದು

ಹಾಗಂತ ನಾವು ಮಾಡಬಹುದಾದ್ದು ಏನೂ ಇಲ್ಲ ಅಂತಲ್ಲ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ನಿಂತು ಹೊರಡುವ ಟ್ರಾಫಿಕ್‌ನಲ್ಲಿ ಒರಟಾಗಿ ಓಡಿಸಿದರೆ ಮೈಲೇಜ್ ಶೇ. 10ರಿಂದ 40ರವರೆಗೆ ಕುಸಿಯಬಹುದು. ದೂರದಲ್ಲೇ ಕೆಂಪು ದೀಪ ಕಂಡರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಮೇಲೆ ಹಾಕಿದ ಲೆಕ್ಕದ ಪ್ರಕಾರ ಉಳಿದ ಪ್ರತಿ ಬ್ರೇಕೂ ದುಡ್ಡೇ. ಟೈರಿಗೆ ತಿಂಗಳಿಗೆರಡು ಸಲವಾದರೂ ಗಾಳಿ ನೋಡಿಸಿ, ಗಾಳಿ ಕಡಿಮೆ ಇದ್ದರೆ ಶೇ. 2-3ರಷ್ಟು ಹೋಗಬಹುದು. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ. ನಾಲ್ಕನೇ ಬ್ಲಾಕಿನ ಅಂಗಡಿಗೆ ಒಂದೂವರೆ ಕಿ.ಮೀ. ಕಾರು ತೆಗೆದರೆ ಎಂಜಿನ್ ಬಿಸಿಯಾಗುವ ಮುಂಚೆಯೇ ಪ್ರಯಾಣ ಮುಗಿದಿರುತ್ತೆ. ತಣ್ಣಗಿನ ಎಂಜಿನ್ ಹೆಚ್ಚು ಕುಡಿಯುತ್ತೆ.

ಅಳೆಯುವುದನ್ನೂ ಸರಿಯಾಗಿ ಅಳೆಯಿರಿ. ಡ್ಯಾಶ್‌ಬೋರ್ಡ್ ತೋರಿಸುವುದು ಅಂದಾಜು. ಒಂದೇ ಬಂಕಿನಲ್ಲಿ, ಪಂಪ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ಫುಲ್ ಮಾಡಿಸಿ, ಓಡೋಮೀಟರ್ ಬರೆದಿಟ್ಟುಕೊಳ್ಳಿ. ಮೂರ್ನಾಲ್ಕು ಸಲ ಹಾಗೆ ತುಂಬಿಸಿದ ಮೇಲೆ ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಿ. ಬಂಕಿನ ಅಳತೆ ಮೇಲೆ ಅನುಮಾನ ಇದ್ದರೆ ಅಲ್ಲಿರುವ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಿ ಅಂತ ಕೇಳಬಹುದು. 25 ಮಿಲಿ ಲೀಟರಿಗಿಂತ ಹೆಚ್ಚು ಕೊರತೆ ಇರಬಾರದು.

ಆದರೆ ಈ ಎಲ್ಲ ಬುದ್ಧಿಮಾತು ಕ್ಯಾಬ್ ಓಡಿಸುವವರಿಗೆ ಹೇಳಿ ನೋಡಿ. ಅವರಿಗೆ ಇದು ಮೊದಲೇ ಗೊತ್ತು. ಅವರ ದುಡಿಮೆ ಹೆಚ್ಚಾಗಿ ಕಿಲೋಮೀಟರ್ ಲೆಕ್ಕ, ಇಂಧನ ಮಾತ್ರ ನಿಮಿಷದ ಲೆಕ್ಕದಲ್ಲಿ ಉರಿಯುತ್ತೆ. ಜಾಮ್‌ನಲ್ಲಿ ನಿಂತ ಪ್ರತಿ ನಿಮಿಷದ ಖರ್ಚು ಅವರ ಜೇಬಿನದ್ದು. ಎಷ್ಟು ನಯವಾಗಿ ಓಡಿಸಿದರೂ ಜಯದೇವ ಜಂಕ್ಷನ್ ಅವರ ಮಾತು ಕೇಳಲ್ಲ.

ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕರ್ ಮೇಲ್ಸೇತುವೆ 2024ರ ಜುಲೈಯಲ್ಲಿ ತೆರೆಯಿತು. ಅದರ ಮೇಲೆ ಉಳಿಯುವ ಪೆಟ್ರೋಲ್ ಎಷ್ಟು ಅನ್ನುವುದು ಕೆಳಗಿಳಿದ ಮೇಲಿನ ಸಾಲು ಎಷ್ಟುದ್ದ ಇದೆ ಅನ್ನುವುದರ ಮೇಲೆ ನಿಂತಿದೆ. ಅದೇ ಕಂಬಗಳ ಮೇಲೆ 2025ರ ಆಗಸ್ಟ್‌ನಲ್ಲಿ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಓಡಲು ಶುರುವಾಯಿತು. ಅದೇ ವರ್ಷ ಜನವರಿಯಲ್ಲಿ ಬಸ್ ದರ ಶೇ. 15 ಏರಿತ್ತು, ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಹೋಗಿತ್ತು. ಕಾರು ಮನೆಯಲ್ಲಿ ಬಿಟ್ಟು ಬನ್ನಿ ಅನ್ನುವ ಸರ್ಕಾರಗಳು ಅದೇ ಹೊತ್ತಿಗೆ ಟಿಕೆಟ್ ದುಬಾರಿ ಮಾಡಿದವು.

ಕೇಳಬೇಕಾದ್ದು ಕಷ್ಟದ್ದೇನಲ್ಲ. ಎಸಿ ಹಾಕಿ, ನಗರದ ವೇಗದಲ್ಲಿ ಅಳೆದ ಮೈಲೇಜನ್ನು ಪ್ರತಿ ಕಾರಿನ ಗಾಜಿನ ಮೇಲೆ ಅಂಟಿಸಲಿ. ಯುರೋಪಿನಂತೆ ನಿಜವಾದ ಬಳಕೆಯ ದಾಖಲೆ ಸಾರ್ವಜನಿಕವಾಗಲಿ. ತೆರಿಗೆ ಪಟ್ಟಿಯಲ್ಲಿ ಉದ್ದದ ಪಕ್ಕ ಇಂಧನ ಬಳಕೆಗೂ ಒಂದು ಕಾಲಂ ಇರಲಿ. ಬಂಕಿನ ಪಂಪ್ ಮೇಲೆ ಎಥನಾಲ್ ಎಷ್ಟಿದೆ ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಶಕ್ತಿಗೆ ತಕ್ಕ ಬೆಲೆ ಹಾಕಲಿ.

ಜಯನಗರದ ಆ ಬೀದಿಯಲ್ಲಿ 9 ಗಂಟೆಗೆ ಹೊರಡುವವರು ನಾಳೆಯೂ ಹೊರಡುತ್ತಾರೆ. ಅವರಿಗೆ ಪಾಳಿ ಬದಲಿಸುವ ಆಯ್ಕೆ ಇಲ್ಲ. ಅವರ 41,200 ರೂಪಾಯಿಯಲ್ಲಿ ಅವರ ಕಾಲಿನ ತಪ್ಪು ಎಷ್ಟು, ಉಳಿದವರದ್ದು ಎಷ್ಟು ಅಂತ ಬಿಡಿಸಿ ಹೇಳುವ ಒಂದು ಚೀಟಿಯಾದರೂ ಅವರಿಗೆ ಸಿಗಬೇಕು.